ಸ್ಪೆಕ್ ಬರೆಯುವಾಗಲೇ ಟೆಸ್ಟ್ ಬರೆಯಿರಿ: ಹಾಲಿನ ಡೈರಿಯ ಒಂದು ಲೆಕ್ಕ

"ರೈತರು ಹಾಕಿದ ಹಾಲಿಗೆ ಗುಣಮಟ್ಟಕ್ಕೆ ತಕ್ಕಂತೆ ಮೊತ್ತವನ್ನು ಲೆಕ್ಕ ಹಾಕಬೇಕು."

ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಸಾಫ್ಟ್‌ವೇರ್ ಮಾಡುವ ಸ್ಪೆಸಿಫಿಕೇಶನ್‌ನಲ್ಲಿ (ಸ್ಪೆಕ್, ಅಂದರೆ ಪ್ರೋಗ್ರಾಂ ಏನು ಮಾಡಬೇಕು ಎಂದು ಬರೆದಿಡುವ ದಾಖಲೆ) ಹೀಗೊಂದು ಸಾಲು ಇದ್ದೇ ಇರುತ್ತದೆ. ಸಂಘದ ಕಾರ್ಯದರ್ಶಿ ಓದಿ ಸರಿ ಎನ್ನುತ್ತಾರೆ, ಪ್ರೋಗ್ರಾಂ ಬರೆಯುವವರೂ ಸರಿ ಎನ್ನುತ್ತಾರೆ. ಈಗ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳಿ: 6.35 ಕೆಜಿ ಹಾಲು, ಫ್ಯಾಟ್ (ಕೊಬ್ಬಿನಂಶ) ಶೇಕಡಾ 3.8, ತಾಪಮಾನಕ್ಕೆ ಸರಿಪಡಿಸಿದ ಲ್ಯಾಕ್ಟೋಮೀಟರ್ (ಹಾಲಿನ ಸಾಂದ್ರತೆ ಅಳೆಯುವ ಸಾಧನ) ರೀಡಿಂಗ್ 27. ರೈತನಿಗೆ ಎಷ್ಟು ರೂಪಾಯಿ, ಎಷ್ಟು ಪೈಸೆ?

ಎರಡು ಉತ್ತರ ಬಂದರೆ ಸ್ಪೆಕ್ ಇನ್ನೂ ಮುಗಿದಿಲ್ಲ. ಅಕ್ಸೆಪ್ಟೆನ್ಸ್ ಟೆಸ್ಟ್ ಅನ್ನು (ಸಾಫ್ಟ್‌ವೇರ್ ಕೇಳಿದಂತೆಯೇ ಇದೆಯೇ ಎಂದು ನೋಡುವ ಪರೀಕ್ಷೆಯನ್ನು) ಕೆಲಸವೆಲ್ಲ ಮುಗಿದ ಮೇಲೆ ನಡೆಸುವ ತಪಾಸಣೆ ಎಂದು ನೋಡದೆ ಸ್ಪೆಕ್‌ನ ಒಳಗೇ ಬರೆಯಬೇಕು ಎನ್ನುವುದು ಈ ಕಾರಣಕ್ಕೆ. ಒಂದು ನಿಯಮ, ಅದರ ಪಕ್ಕದಲ್ಲೇ ಅಂಕಿ ಸಮೇತ ಕೆಲವು ಉದಾಹರಣೆ, ಆ ಉದಾಹರಣೆಗಳೇ ದಿನವೂ ಓಡುವ ಟೆಸ್ಟ್. ಇದನ್ನು ಹೇಗೆ ಮಾಡುವುದು ಎಂದು ಮೇಲಿನ ಲೆಕ್ಕವನ್ನೇ ಹಿಡಿದು ನೋಡೋಣ. ಕೆಳಗಿನ ದರಗಳು ಉದಾಹರಣೆಗೆಂದು ಇಟ್ಟುಕೊಂಡವು, ಯಾವುದೇ ಒಕ್ಕೂಟದ ದರಪಟ್ಟಿಯಲ್ಲ.

ವಾಕ್ಯದೊಳಗೆ ಅಡಗಿದ ಪ್ರಶ್ನೆಗಳನ್ನು ಹೊರತೆಗೆಯಿರಿ

ಮೊದಲು ನಿಯಮಗಳು ಹೀಗಿವೆ ಎಂದುಕೊಳ್ಳಿ. ಫ್ಯಾಟ್ 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ, ಶೇಕಡಾದಲ್ಲಿ) 8.5 ಇರುವ ಹಾಲಿಗೆ ಲೀಟರಿಗೆ 32.00 ರೂಪಾಯಿ. ಫ್ಯಾಟ್ 0.1 ಹೆಚ್ಚಿದರೆ 30 ಪೈಸೆ ಸೇರುತ್ತದೆ, ಕಡಿಮೆಯಾದರೆ ಅಷ್ಟೇ ಕಡಿತ. ಎಸ್‌ಎನ್‌ಎಫ್ 0.1 ಕಡಿಮೆಯಾದರೆ 40 ಪೈಸೆ ಕಡಿತ, ಹೆಚ್ಚಿದರೆ ಏನೂ ಸೇರುವುದಿಲ್ಲ. ಫ್ಯಾಟ್ 3.0ಕ್ಕಿಂತ ಅಥವಾ ಎಸ್‌ಎನ್‌ಎಫ್ 8.0ಕ್ಕಿಂತ ಕಡಿಮೆ ಇದ್ದರೆ ಹಾಲು ತೆಗೆದುಕೊಳ್ಳುವುದಿಲ್ಲ. ಎಲ್ಲ ಸ್ಪಷ್ಟವಾಗಿಯೇ ಇದೆ ಅನ್ನಿಸುತ್ತದೆ. ಲೆಕ್ಕಕ್ಕೆ ಕೂತರೆ ಹಾಗಿರುವುದಿಲ್ಲ.

ಎಸ್‌ಎನ್‌ಎಫ್ ಕಂಡುಹಿಡಿಯುವ ಸೂತ್ರದ ಮೊದಲ ಭಾಗ ಬಹುತೇಕ ಕಡೆ ಒಂದೇ: ರೀಡಿಂಗ್ ಅನ್ನು 4ರಿಂದ ಭಾಗಿಸುವುದು. ಅದಕ್ಕೆ ಕೂಡಿಸುವ ಭಾಗ ಮಾತ್ರ ಒಂದೊಂದು ಕಡೆ ಒಂದೊಂದು. ಫ್ಯಾಟ್‌ನ 0.25 ಪಟ್ಟಿಗೆ 0.35 ಸೇರಿಸುವವರಿದ್ದಾರೆ, 0.44 ಸೇರಿಸುವವರಿದ್ದಾರೆ, ಫ್ಯಾಟ್‌ನ 0.21 ಪಟ್ಟಿಗೆ 0.36 ಸೇರಿಸುವವರೂ ಇದ್ದಾರೆ. ನಮ್ಮ ಹಾಲಿಗೆ ಈ ಮೂರೂ ಸೂತ್ರ ಹಾಕಿದರೆ ಕ್ರಮವಾಗಿ 8.05, 8.14, 7.908 ಬರುತ್ತದೆ. ಮೂರನೆಯದರಲ್ಲಿ ಅದೇ ಹಾಲು ವಾಪಸ್ಸು! "ಗುಣಮಟ್ಟಕ್ಕೆ ತಕ್ಕಂತೆ" ಎಂಬ ಎರಡು ಪದಗಳಲ್ಲಿ ಇಷ್ಟೊಂದು ಅಡಗಿತ್ತು.

ಮೊದಲ ಸೂತ್ರವೇ ಸರಿ ಎಂದು ತೀರ್ಮಾನವಾಯಿತು ಎನ್ನಿ. 8.05 ಎಂಬುದನ್ನು ಒಂದು ದಶಮಾಂಶಕ್ಕೆ ತಂದರೆ 8.1 ಆಗಬೇಕೋ, ಎರಡನೆಯ ಅಂಕಿ ಬಿಟ್ಟು 8.0 ಆಗಬೇಕೋ? ತೂಕದ ಯಂತ್ರ ಕೆಜಿ ಕೊಡುತ್ತದೆ, ದರ ಇರುವುದು ಲೀಟರಿಗೆ. 1 ಲೀಟರ್ ಹಾಲು 1.03 ಕೆಜಿ ಎಂದು ಹಿಡಿದರೆ 6.35 ಕೆಜಿ ಎಂದರೆ 6.165 ಲೀಟರ್ ಮತ್ತು ಚೂರು. ಅದು 6.16 ಆಗಬೇಕೋ, 6.17 ಆಗಬೇಕೋ?

ಎರಡೂ ಕಡೆ ಅಂಕಿ ಕತ್ತರಿಸಿದರೆ ದರ 30.90, ಮೊತ್ತ 190.34 ರೂಪಾಯಿ. ಎರಡೂ ಕಡೆ ಹತ್ತಿರದ ಅಂಕಿಗೆ ಏರಿಸಿದರೆ ದರ 31.30, ಮೊತ್ತ 193.12 ರೂಪಾಯಿ. ಒಂದು ಹೊತ್ತಿನ ಹಾಲಿಗೆ 2 ರೂಪಾಯಿ 78 ಪೈಸೆ ವ್ಯತ್ಯಾಸ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಹಾಲು ಹಾಕುವ ಮನೆಗೆ ಹತ್ತು ದಿನದ ಬಟವಾಡೆಯಲ್ಲಿ ಇದು 55 ರೂಪಾಯಿ 60 ಪೈಸೆ. ರೈತರು ಸ್ಲಿಪ್ ಇಟ್ಟುಕೊಂಡಿರುತ್ತಾರೆ, ಕೂಡಿ ನೋಡುತ್ತಾರೆ. ಸಂಘದ ಮೇಲಿನ ನಂಬಿಕೆ ನಿಂತಿರುವುದು ಇಂಥ ಚಿಲ್ಲರೆಯ ಮೇಲೆಯೇ.

ಈ ಪ್ರಶ್ನೆಗಳನ್ನು ಹೊರತೆಗೆಯಲು ಕಾರ್ಡ್‌ಗಳನ್ನು ಇಟ್ಟುಕೊಂಡು ಕೂರುವ ಪದ್ಧತಿ ಚೆನ್ನಾಗಿ ಕೆಲಸ ಮಾಡುತ್ತದೆ. ಎಕ್ಸಾಂಪಲ್ ಮ್ಯಾಪಿಂಗ್ ಎಂದು ಇದಕ್ಕೆ ಹೆಸರು. ಹಳದಿ ಕಾರ್ಡಿನಲ್ಲಿ ಕೆಲಸದ ಹೆಸರು, ನೀಲಿಯಲ್ಲಿ ಒಂದೊಂದು ನಿಯಮ, ಅದರ ಕೆಳಗೆ ಹಸಿರಿನಲ್ಲಿ ಉದಾಹರಣೆಗಳು, ಉತ್ತರ ಸಿಗದ ಪ್ರಶ್ನೆ ಕೆಂಪಿನಲ್ಲಿ. ಕೂರಬೇಕಾದವರು ಕನಿಷ್ಠ ಮೂವರು: ಲೆಕ್ಕ ಗೊತ್ತಿರುವವರು, ಕೋಡ್ ಬರೆಯುವವರು, ಟೆಸ್ಟ್ ಮಾಡುವವರು. ಸಮಯ ಸುಮಾರು 25 ನಿಮಿಷ. ಅಷ್ಟರಲ್ಲಿ ಮುಗಿಯದಿದ್ದರೆ ಕೆಲಸ ದೊಡ್ಡದಿದೆ, ಒಡೆಯಬೇಕು ಎಂದರ್ಥ. ಕೆಂಪು ಕಾರ್ಡ್‌ಗಳು ರಾಶಿ ಬಿದ್ದರೆ ಕೋಡ್ ಶುರು ಮಾಡಬೇಡಿ. ಒಬ್ಬೊಬ್ಬರ ಹೆಸರಿಗೆ ಒಂದೊಂದು ಪ್ರಶ್ನೆ ಬರೆದುಕೊಂಡು ಎದ್ದುಬಿಡಿ.

ಲೆಕ್ಕ ಗೊತ್ತಿರುವವರು ಎಂದರೆ ಆ ಕೆಲಸವನ್ನು ಕೈಯಾರೆ ಮಾಡುವವರು. ಅವರ ಮೇಲಧಿಕಾರಿ ಬಂದು ಕೂತರೆ ನೀಲಿ ಕಾರ್ಡ್‌ಗಳು ತುಂಬುತ್ತವೆ, ಹಸಿರು ಖಾಲಿ ಉಳಿಯುತ್ತವೆ.

ಕೋಷ್ಟಕ ಕಟ್ಟುವುದು

ತೀರ್ಮಾನಗಳು ಹೀಗಾದವು ಎಂದಿಟ್ಟುಕೊಳ್ಳಿ: ಸೂತ್ರದಲ್ಲಿ 0.25 ಮತ್ತು 0.35. ಎಸ್‌ಎನ್‌ಎಫ್ ಒಂದು ದಶಮಾಂಶಕ್ಕೆ, ಲೀಟರ್ ಎರಡು ದಶಮಾಂಶಕ್ಕೆ, ಮೊತ್ತ ಪೈಸೆಗೆ. ಮೂರರಲ್ಲೂ ಸರಿಯಾಗಿ ಅರ್ಧ ಬಂದರೆ ಮೇಲಕ್ಕೆ. ಈಗ ಉದಾಹರಣೆಗಳನ್ನು ಬರೆಯಿರಿ.

| ತೂಕ | ಫ್ಯಾಟ್ | ರೀಡಿಂಗ್ | ಎಸ್‌ಎನ್‌ಎಫ್ | ಲೀಟರ್ | ದರ | ಮೊತ್ತ |
|---|---|---|---|---|---|---|
| 10.30 | 3.5 | 29 | 8.5 | 10.00 | 32.00 | 320.00 |
| 6.35 | 3.8 | 27 | 8.1 | 6.17 | 31.30 | 193.12 |
| 5.15 | 4.2 | 30 | 8.9 | 5.00 | 34.10 | 170.50 |
| 4.12 | 3.0 | 28 | 8.1 | 4.00 | 28.90 | 115.60 |
| 3.09 | 3.4 | 27 | 8.0 | 3.00 | 29.70 | 89.10 |

ವಾಪಸ್ಸು ಕಳಿಸುವ ಹಾಲಿಗೆ ಬೇರೆ ಕೋಷ್ಟಕ ಇರಲಿ, ಅಲ್ಲಿ ಮೊತ್ತದ ಜಾಗದಲ್ಲಿ ಕಾರಣ ಬರುತ್ತದೆ:

| ಫ್ಯಾಟ್ | ರೀಡಿಂಗ್ | ಎಸ್‌ಎನ್‌ಎಫ್ | ಕಾರಣ |
|---|---|---|---|
| 2.9 | 28 | 8.1 | ಫ್ಯಾಟ್ ಕಡಿಮೆ |
| 3.3 | 27 | 7.9 | ಎಸ್‌ಎನ್‌ಎಫ್ ಕಡಿಮೆ |

ಪ್ರತಿ ಸಾಲಿಗೂ ಒಂದು ಕೆಲಸವಿದೆ. ಮೊದಲನೆಯದು ಮೂಲ ದರ ಸರಿಯಿದೆಯೇ ಎಂದು ಹೇಳುತ್ತದೆ. ಮೂರನೆಯದು ಎಸ್‌ಎನ್‌ಎಫ್ 8.9 ಇದ್ದರೂ ಹೆಚ್ಚಿನ ಹಣ ಬರುವುದಿಲ್ಲ ಎಂಬುದನ್ನು ಹಿಡಿದಿಡುತ್ತದೆ. ನಾಲ್ಕನೆಯದು ಮತ್ತು ವಾಪಸ್ಸಿನ ಮೊದಲನೆಯದು ಫ್ಯಾಟ್‌ನ ಗಡಿಯ ಆಚೆ ಈಚೆ ನಿಲ್ಲುತ್ತವೆ.

ಐದನೆಯ ಸಾಲಿನ ಮೇಲೆ ಸ್ವಲ್ಪ ನಿಲ್ಲಿ. ಅದರ ಎಸ್‌ಎನ್‌ಎಫ್ ನಿಜವಾಗಿ 7.95. ಅರ್ಧವನ್ನು ಮೇಲಕ್ಕೆ ತಂದ ಮೇಲೆ 8.0. ಗಡಿಯ ಹೋಲಿಕೆಯನ್ನು ಅಂಕಿ ಸರಿಪಡಿಸುವ ಮೊದಲು ಮಾಡಬೇಕೋ, ಆಮೇಲೆ ಮಾಡಬೇಕೋ? ಮೊದಲು ಮಾಡಿದರೆ ಹಾಲು ವಾಪಸ್ಸು, ಆಮೇಲೆ ಮಾಡಿದರೆ 89 ರೂಪಾಯಿ 10 ಪೈಸೆ. ಯಾವ ಸ್ಪೆಕ್‌ನ ಗದ್ಯದಲ್ಲೂ ಈ ಪ್ರಶ್ನೆ ತಾನಾಗಿ ಏಳುವುದಿಲ್ಲ. ಗಡಿಗೆ ಅಂಟಿಕೊಂಡ ಉದಾಹರಣೆ ಹುಡುಕಿದಾಗ ಮಾತ್ರ ಏಳುತ್ತದೆ. ಸ್ಲಿಪ್‌ನಲ್ಲಿ 8.0 ಎಂದು ಮುದ್ರಿಸಿ ಹಾಲು ಬೇಡ ಎಂದರೆ ಸಾಲಿನಲ್ಲಿ ನಿಂತ ರೈತನಿಗೆ ಉತ್ತರ ಹೇಳುವುದು ಕಷ್ಟ, ಹಾಗಾಗಿ ಇಲ್ಲಿ ಸರಿಪಡಿಸಿದ ಮೇಲೆ ಹೋಲಿಸುವುದೇ ಲೇಸು. ಈ ಕಾರಣವನ್ನೂ ಕೋಷ್ಟಕದ ಮೇಲೆ ಒಂದು ಸಾಲಿನಲ್ಲಿ ಬರೆದಿಡಿ. ಟೆಸ್ಟ್ ಏನಾಗಬೇಕು ಎಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಎರಡು ವರ್ಷದ ನಂತರ ಬಂದವರಿಗೆ ಬೇಕಾಗುವುದು ಆ "ಏಕೆ".

ಒಂದು ನಿಯಮಕ್ಕೆ ಐದರಿಂದ ಹತ್ತು ಸಾಲು ಸಾಕು. ಇನ್ನೂರು ಸಾಲಿನ ಕೋಷ್ಟಕವನ್ನು ಕಾರ್ಯದರ್ಶಿ ಓದುವುದಿಲ್ಲ, ಓದದ್ದಕ್ಕೆ ಅವರು ಹಾಕುವ ಸಹಿಗೆ ಬೆಲೆಯಿಲ್ಲ. ಹೆಚ್ಚಿನ ಜೋಡಣೆಗಳನ್ನು ಪರೀಕ್ಷಿಸಬೇಕಿದ್ದರೆ ಯೂನಿಟ್ ಟೆಸ್ಟ್‌ಗಳಲ್ಲಿ (ಕೋಡ್‌ನ ಒಂದೊಂದು ತುಂಡನ್ನು ಬೇರೆಯಾಗಿ ನೋಡುವ ಟೆಸ್ಟ್‌ಗಳಲ್ಲಿ) ಮಾಡಿ, ಸ್ಪೆಕ್‌ಗೆ ತುರುಕಬೇಡಿ. ಹಾಗೆಯೇ ಬರೀ ಕೋಷ್ಟಕ ಇಟ್ಟು ನಿಯಮದ ವಾಕ್ಯವನ್ನು ತೆಗೆದುಹಾಕಬಾರದು. ಐದು ಅಂಕಿಗಳಿಗೆ ಹೊಂದುವ ಸೂತ್ರ ಒಂದಕ್ಕಿಂತ ಹೆಚ್ಚಿರಬಹುದು.

ಇನ್ನೊಂದು ಮಾತು, ಇದರಲ್ಲಿ ರಾಜಿ ಬೇಡ: ಮೊತ್ತದ ಕಾಲಂ ಅನ್ನು ಕೈಯಲ್ಲೋ ಕ್ಯಾಲ್ಕುಲೇಟರ್‌ನಲ್ಲೋ ಲೆಕ್ಕ ಹಾಕಿ ತುಂಬಬೇಕು, ಲೆಕ್ಕ ಗೊತ್ತಿರುವವರೇ ತುಂಬಬೇಕು. ಪ್ರೋಗ್ರಾಂ ಓಡಿಸಿ ಬಂದದ್ದನ್ನು ನಕಲು ಮಾಡಿದರೆ ಟೆಸ್ಟ್ ಪ್ರೋಗ್ರಾಂನ ತಪ್ಪನ್ನೇ ಸ್ಪೆಕ್ ಮಾಡಿಬಿಡುತ್ತದೆ.

ಕೋಷ್ಟಕವನ್ನು ಓಡಿಸುವುದು

ಗ್ರಾಹಕರೇ ತುಂಬಬಹುದಾದ ಕೋಷ್ಟಕವನ್ನು ನೇರವಾಗಿ ಓಡಿಸುವ ಸಾಧನ ಹೊಸದಲ್ಲ. ವಾರ್ಡ್ ಕನ್ನಿಂಗ್‌ಹ್ಯಾಮ್ 2002ರಲ್ಲಿ ಫಿಟ್ ಎಂಬ ಸಾಧನವನ್ನು ಇದಕ್ಕೆಂದೇ ಮಾಡಿದರು, ಅದರ ಮೇಲೆ ಫಿಟ್‌ನೆಸ್ ಎಂಬ ವಿಕಿ ಬಂತು. ಇವತ್ತು ಹೆಚ್ಚು ಬಳಕೆಯಲ್ಲಿರುವುದು 2008ರಲ್ಲಿ ಶುರುವಾದ ಕುಕುಂಬರ್ ಎಂಬ ಸಾಧನ ಮತ್ತು ಅದು ಓದುವ, ಗರ್ಕಿನ್ ಎಂಬ ಬರಹದ ರೂಪ. ರೋಬೋಟ್ ಫ್ರೇಮ್‌ವರ್ಕ್ ಕೂಡ ಇದೇ ಕೆಲಸ ಮಾಡುತ್ತದೆ. ಸಾಧನ ಯಾವುದಾದರೂ ಆಗಲಿ, ಮೇಲಿನ ಕೋಷ್ಟಕ ಬದಲಾಗುವುದಿಲ್ಲ.

ಗರ್ಕಿನ್ 70ಕ್ಕೂ ಹೆಚ್ಚು ಭಾಷೆಗಳನ್ನು ಓದುತ್ತದೆ, ಅದರಲ್ಲಿ ಕನ್ನಡವೂ ಇದೆ. ಕಡತದ ಮೊದಲ ಸಾಲಿನಲ್ಲಿ ಕನ್ನಡದ ಭಾಷಾ ಸಂಕೇತ ಹಾಕಿದರೆ ಸಾಕು. ಆದರೆ ಅದರಲ್ಲಿರುವ ಕನ್ನಡ ಕೀಲಿಪದಗಳು ಪದಕ್ಕೆ ಪದ ಇಟ್ಟು ಮಾಡಿದಂತಿವೆ: ಫೀಚರ್‌ಗೆ "ಹೆಚ್ಚಳ", ಉದಾಹರಣೆಯೊಳಗಿನ ಗಿವನ್, ವೆನ್, ದೆನ್ ಎಂಬ ಮೂರು ಬಗೆಯ ಹಂತಗಳಿಗೆ (ಸ್ಟೆಪ್‌ಗಳಿಗೆ) "ನೀಡಿದ", "ಸ್ಥಿತಿಯನ್ನು", "ನಂತರ". ಕನ್ನಡದಲ್ಲಿ "ಬಂದರೆ", "ಆಗಿದ್ದಾಗ" ಎಂಬಂಥವು ಉಪವಾಕ್ಯದ ಕೊನೆಗೆ ಬರುವಂಥವು, ಮೊದಲಿಗೆ ಸಿಕ್ಕಿಸಿದರೆ ವಾಕ್ಯ ಸೊಟ್ಟಗಾಗುತ್ತದೆ. ಇದಕ್ಕೆ ಒಳ್ಳೆಯ ದಾರಿ ಇದೆ: ಹಂತದ ಕೀಲಿಪದದ ಬದಲು ನಕ್ಷತ್ರ ಚಿಹ್ನೆ ಹಾಕಲು ಗರ್ಕಿನ್ ಬಿಡುತ್ತದೆ. ಆಗ ವಾಕ್ಯ ಸಹಜವಾಗಿರುತ್ತದೆ.

```
# language: kn
ಹೆಚ್ಚಳ: ಹಾಲಿನ ಮೊತ್ತದ ಲೆಕ್ಕ

  ಹಿನ್ನೆಲೆ:
    * ಮೂಲ ದರ ಲೀಟರಿಗೆ 32.00 ರೂಪಾಯಿ
    * ಫ್ಯಾಟ್ 0.1 ಹೆಚ್ಚು ಕಡಿಮೆಯಾದರೆ 0.30 ರೂಪಾಯಿ
    * ಎಸ್ಎನ್ಎಫ್ 0.1 ಕಡಿಮೆಯಾದರೆ 0.40 ರೂಪಾಯಿ ಕಡಿತ

  ವಿವರಣೆ: ತೆಗೆದುಕೊಂಡ ಹಾಲಿಗೆ ಹಣ
    * ತೂಕ <ತೂಕ> ಕೆಜಿ, ಫ್ಯಾಟ್ <ಫ್ಯಾಟ್>, ರೀಡಿಂಗ್ <ರೀಡಿಂಗ್> ಇರುವ ಹಾಲು ಬಂದಾಗ
    * ಸ್ಲಿಪ್‌ನಲ್ಲಿ ದರ <ದರ>, ಮೊತ್ತ <ಮೊತ್ತ> ಇರಬೇಕು

    ಉದಾಹರಣೆಗಳು:
      | ತೂಕ  | ಫ್ಯಾಟ್ | ರೀಡಿಂಗ್ | ದರ    | ಮೊತ್ತ  |
      | 6.35 | 3.8   | 27     | 31.30 | 193.12 |
      | 3.09 | 3.4   | 27     | 29.70 | 89.10  |
```

ಕನ್ನಡದಲ್ಲಿ ಬರೆಯುವಾಗ ಮಾತ್ರ ಕಾಡುವ ಕೆಲವು ತೊಡಕುಗಳಿವೆ, ಇವನ್ನು ಮೊದಲೇ ತಿಳಿದಿದ್ದರೆ ಅರ್ಧ ದಿನ ಉಳಿಯುತ್ತದೆ. ಕೆಲವು ಕೀಬೋರ್ಡ್‌ಗಳು "ಎಸ್ಎನ್ಎಫ್" ಎಂದು ಒತ್ತಿದಾಗ ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಗುರುತು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ನೋಡಲು ಎರಡೂ ಒಂದೇ, ಯಂತ್ರಕ್ಕೆ ಎರಡು ಬೇರೆ ಪದ. ಹಂತದ ವಾಕ್ಯ ಕೋಡ್‌ಗೆ ಹೊಂದುವುದಿಲ್ಲ, ಸ್ಟೆಪ್ ಸಿಗಲಿಲ್ಲ ಎಂಬ ದೂರು ಬರುತ್ತದೆ. "ಕೊ" ಅಕ್ಷರದ ಒಕಾರದ ಚಿಹ್ನೆಯನ್ನೂ ಯೂನಿಕೋಡ್‌ನಲ್ಲಿ ಒಂದೇ ಗುರುತಾಗಿ ಅಥವಾ ಎರಡು ತುಂಡಾಗಿ ಉಳಿಸಬಹುದು. ಪರಿಹಾರ: ಕಡತ ಯುಟಿಎಫ್-8ರಲ್ಲಿರಲಿ, ಉಳಿಸುವ ಮೊದಲು ಯೂನಿಕೋಡ್ ನಾರ್ಮಲೈಸೇಶನ್ (ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದೇ ರೂಪಕ್ಕೆ ತರುವುದು) ಮಾಡಿ, ಕಾಣದ ಗುರುತುಗಳನ್ನು ಎಲ್ಲ ಕಡೆ ತೆಗೆಯಿರಿ ಅಥವಾ ಎಲ್ಲ ಕಡೆ ಇಡಿ. ಕೋಷ್ಟಕದಲ್ಲಿ ಕನ್ನಡ ಅಂಕಿಗಳನ್ನು ಬಳಸಬೇಡಿ, ಅಂಕಿ ಗುರುತಿಸುವ ಪ್ಯಾಟರ್ನ್‌ಗಳು ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0ರಿಂದ 9ರವರೆಗಿನ ರೂಪವನ್ನಷ್ಟೇ ಹಿಡಿಯುತ್ತವೆ. ರೈತರ ಹೆಸರನ್ನು ಹಿಡಿಯಲು, ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನ "ಪದದ ಅಕ್ಷರ" ಗುರುತು ಹಾಕಿದರೆ ಪೈಥಾನ್‌ನಲ್ಲಿ ಸ್ವರಚಿಹ್ನೆ, ಒತ್ತುಗಳ ಬಳಿ ಹೆಸರು ತುಂಡಾಗುತ್ತದೆ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಆ ಚಿಹ್ನೆಗಳ ನಡುವಿನದೆಲ್ಲವನ್ನೂ ಹಿಡಿಯುವುದು ಸುಲಭ.

ಹಂತಗಳನ್ನು ಕೋಡ್‌ಗೆ ಜೋಡಿಸುವಾಗ ಪರದೆಯ ಮೂಲಕ ಹೋಗಬೇಡಿ. "ತೂಕದ ಪೆಟ್ಟಿಗೆಯಲ್ಲಿ 6.35 ಟೈಪ್ ಮಾಡಿ, ಉಳಿಸು ಬಟನ್ ಒತ್ತಿ" ಎಂದು ಬರೆದರೆ ಬಟನ್‌ನ ಹೆಸರು ಬದಲಾದ ದಿನ ಲೆಕ್ಕದ ಟೆಸ್ಟ್‌ಗಳೆಲ್ಲ ಬೀಳುತ್ತವೆ (ಫೇಲ್ ಆಗುತ್ತವೆ), ಲೆಕ್ಕ ಮಾತ್ರ ಸರಿಯಾಗಿಯೇ ಇರುತ್ತದೆ. ಮೊತ್ತ ಹಾಕುವ ಫಂಕ್ಷನ್ ಅಥವಾ ಸರ್ವಿಸನ್ನೇ ಕರೆಯಿರಿ. ಪರದೆ, ಪ್ರಿಂಟರ್, ತೂಕದ ಯಂತ್ರ ಎಲ್ಲ ಸೇರಿ ಸರಿಯಾಗಿ ನಡೆಯುತ್ತವೆಯೇ ಎಂದು ನೋಡಲು ಎರಡು ಮೂರು ಟೆಸ್ಟ್ ಬೇರೆ ಇರಲಿ. ಮಿಲ್ಕ್ ಅನಲೈಸರ್ ಎಸ್‌ಎನ್‌ಎಫ್ ಅನ್ನು ತಾನೇ ಕೊಡುವ ಕಡೆ ರೀಡಿಂಗ್ ಕಾಲಂ ಬೇಡ, ಯಂತ್ರ ಕೊಟ್ಟ ಅಂಕಿಯನ್ನೇ ಇಟ್ಟರಾಯಿತು.

ಕೋಡ್ ಬರೆಯುವ ಮೊದಲು ಟೆಸ್ಟ್ ಒಮ್ಮೆ ಓಡಿಸಿ, ಅದು ಬೀಳಲೇಬೇಕು. "193.12 ಬೇಕಿತ್ತು, ಬಂದದ್ದು 0" ಎಂದು ಬಿದ್ದರೆ ಸರಿ. ಕೋಡ್ ಇಲ್ಲದೆಯೂ ಪಾಸಾದರೆ ಆ ಟೆಸ್ಟ್ ಏನನ್ನೂ ನೋಡುತ್ತಿಲ್ಲ.

ಪೈಸೆ ತಪ್ಪುವುದು ಎಲ್ಲಿ

ದುಡ್ಡಿನ ಲೆಕ್ಕದಲ್ಲಿ ಹೆಚ್ಚು ಟೆಸ್ಟ್ ಬೀಳುವುದು ಅರ್ಧ ಪೈಸೆಯ ಬಳಿ. ಪೈಥಾನ್‌ನ ರೌಂಡ್ ಫಂಕ್ಷನ್ 2.5 ಅನ್ನು 2 ಮಾಡುತ್ತದೆ, ಏಕೆಂದರೆ ಅದು ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 2.675 ಅನ್ನು ಎರಡು ದಶಮಾಂಶಕ್ಕೆ ಕೇಳಿದರೆ 2.67 ಕೊಡುತ್ತದೆ, ಅದರ ಕಾರಣ ಬೇರೆ: ಬೈನರಿಯಲ್ಲಿ 2.675 ಕೂದಲೆಳೆಯಷ್ಟು ಕಡಿಮೆಯಾಗಿ ಕೂತಿರುತ್ತದೆ. ಜಾವಾದ ಡೆಸಿಮಲ್‌ಫಾರ್ಮ್ಯಾಟ್ ಕೂಡ ಏನೂ ಹೇಳದಿದ್ದರೆ ಸಮಸಂಖ್ಯೆಯ ಪದ್ಧತಿಯನ್ನೇ ಹಿಡಿಯುತ್ತದೆ. ಹಾಗಾಗಿ ದಶಮಾಂಶ ಮಾದರಿಯನ್ನೇ ಬಳಸಿ: ಪೈಥಾನ್‌ನಲ್ಲಿ ಡೆಸಿಮಲ್, ಜಾವಾದಲ್ಲಿ ಬಿಗ್‌ಡೆಸಿಮಲ್. ಅದಕ್ಕೆ ಅಂಕಿಯನ್ನು ಸ್ಟ್ರಿಂಗ್ ಆಗಿ (ಉದ್ಧರಣ ಚಿಹ್ನೆಯೊಳಗಿನ ಪಠ್ಯವಾಗಿ) ಕೊಡಿ, ಫ್ಲೋಟ್ ಆಗಿ (ಬೈನರಿಯಲ್ಲಿ ಉಳಿಸಿದ ಸಂಖ್ಯೆಯಾಗಿ) ಕೊಟ್ಟರೆ ಆ ಕೂದಲೆಳೆ ಒಳಗೆ ಬಂದೇಬರುತ್ತದೆ. ಅರ್ಧ ಬಂದರೆ ಮೇಲಕ್ಕೆ ಎಂಬುದನ್ನು ಕೋಡ್‌ನಲ್ಲಿ ಬಿಡಿಸಿ ಹೇಳಿ.

ಟೆಸ್ಟ್‌ನಲ್ಲಿ "ಒಂದು ಪೈಸೆಯೊಳಗೆ ಇದ್ದರೆ ಸಾಕು" ಎಂಬ ಸಡಿಲಿಕೆ ಇಡಬೇಡಿ. ಸ್ಲಿಪ್‌ನಲ್ಲಿ ಮುದ್ರಿತವಾಗುವುದು ಒಂದೇ ಅಂಕಿ, ಟೆಸ್ಟ್ ಕೇಳಬೇಕಾದದ್ದೂ ಅದನ್ನೇ.

ಬಟವಾಡೆಗೂ ಒಂದು ಸಾಲು ಬೇಕು: ಹತ್ತು ದಿನದ ಮೊತ್ತ ಎಂದರೆ ಸ್ಲಿಪ್‌ಗಳ ಮೊತ್ತವನ್ನು ಕೂಡಿದ್ದೋ, ಅಥವಾ ಪೈಸೆಗೆ ತರದ ಮೊತ್ತಗಳನ್ನು ಕೂಡಿ ಕೊನೆಗೆ ಪೈಸೆಗೆ ತಂದದ್ದೋ? ರೈತ ಕೂಡುವುದು ಸ್ಲಿಪ್‌ಗಳನ್ನು. ಅದೇ ನಿಯಮವಾಗಲಿ.

ದರ, ದಿನಾಂಕ, ಸಹಿ

ಹಾಲಿನ ದರ ಬದಲಾಗುತ್ತಲೇ ಇರುತ್ತದೆ. ದರವನ್ನು ಹಿನ್ನೆಲೆ ಭಾಗದಲ್ಲಿ ಇಟ್ಟದ್ದು ಇದಕ್ಕಾಗಿ: ಟೆಸ್ಟ್ ತನ್ನ ದರವನ್ನು ತಾನೇ ಹೊತ್ತು ತರುತ್ತದೆ, ಡೇಟಾಬೇಸ್‌ನಲ್ಲಿ ಇವತ್ತು ಯಾವ ದರವಿದೆ ಎಂದು ನೋಡುವುದಿಲ್ಲ. ಡೇಟಾಬೇಸ್ ನೋಡುವ ಟೆಸ್ಟ್ ದರ ಬದಲಾದ ಮರುದಿನ ಬೆಳಿಗ್ಗೆ ಕೆಂಪಾಗಿ ನಿಲ್ಲುತ್ತದೆ, ಎಲ್ಲರೂ ಅದನ್ನು ಕಡೆಗಣಿಸಲು ಕಲಿಯುತ್ತಾರೆ. ಗಡಿಯಾರವನ್ನೂ ಟೆಸ್ಟ್‌ನಲ್ಲಿ ಕಟ್ಟಿಹಾಕಿ, ದಿನಾಂಕ ಮತ್ತು ಹೊತ್ತನ್ನು ಕೋಷ್ಟಕವೇ ಹೇಳಲಿ. ದರ ಜಾರಿಗೆ ಬರುವ ದಿನದ ಹಿಂದಿನ ಸಂಜೆ ಒಂದು ಸಾಲು, ಆ ದಿನದ ಬೆಳಿಗ್ಗೆ ಒಂದು ಸಾಲು ಇರಬೇಕು. ಹಿಂದಿನ ಸಂಜೆಯ ಹಾಲನ್ನು ಮರುದಿನ ತಿದ್ದಿದರೆ ಯಾವ ದರ ಹಿಡಿಯಬೇಕು ಎಂಬ ಕೆಂಪು ಕಾರ್ಡ್ ಇಲ್ಲಿ ಖಂಡಿತ ಏಳುತ್ತದೆ.

ವೇಗ, ಭದ್ರತೆ, ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬಂಥವು ಈ ಕೋಷ್ಟಕಗಳಿಗೆ ಒಗ್ಗುವುದಿಲ್ಲ, ಅವನ್ನು ಸ್ಪೆಕ್‌ನಲ್ಲಿ ಬೇರೆಯಾಗಿಯೇ ಬರೆಯಿರಿ.

ಕೆಲಸವನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟಿದ್ದರೆ ಕೋಷ್ಟಕಗಳನ್ನು ಒಪ್ಪಂದದ ಅನುಬಂಧವಾಗಿ ಸೇರಿಸಿ, ಕಡತದ ಯಾವ ಆವೃತ್ತಿ ಎಂಬುದನ್ನೂ ಬರೆಯಿರಿ. ಆಮೇಲೆ ಜಗಳ ಬರುವುದು "ಇದು ಹೊಸ ಕೆಲಸವೋ, ಹಳೆಯದರ ವಿವರಣೆಯೋ" ಎಂಬಲ್ಲಿ. ಇದಕ್ಕೆ ಒಂದು ಸರಳ ಅಳತೆ ಮೊದಲೇ ಒಪ್ಪಿಕೊಂಡಿರಿ: ಬರೆದಿಟ್ಟ ನಿಯಮದಿಂದಲೇ ಉತ್ತರ ಸಿಗುವ ಹೊಸ ಸಾಲು ವಿವರಣೆ, ಅದಕ್ಕೆ ಬೇರೆ ಹಣವಿಲ್ಲ. ಹಳೆಯ ಸಾಲಿನ ಉತ್ತರವನ್ನೇ ಬದಲಿಸಬೇಕಾದರೆ ಅದು ಬದಲಾವಣೆ, ಅದಕ್ಕೆ ಹಣವೂ ಸಮಯವೂ ಬೇಕು.

ಕಡತಗಳು ಕೋಡ್ ಇರುವ ರೆಪೊಸಿಟರಿಯಲ್ಲೇ (ಕೋಡ್‌ನ ಎಲ್ಲ ಆವೃತ್ತಿಗಳನ್ನು ಕಾಯ್ದಿಡುವ ಜಾಗದಲ್ಲೇ) ಇರಲಿ, ಪ್ರತಿ ಬದಲಾವಣೆಗೂ ತಾವಾಗಿ ಓಡಲಿ, ಬಿದ್ದರೆ ಬಿಲ್ಡ್ (ಕೋಡ್‌ನಿಂದ ಪ್ರೋಗ್ರಾಂ ತಯಾರಾಗುವುದು) ನಿಲ್ಲಲಿ. ಇನ್ನೂ ಮಾಡದ ಕೆಲಸದ ಟೆಸ್ಟ್‌ಗಳಿಗೆ "ಬಾಕಿ" ಎಂಬ ಟ್ಯಾಗ್ ಹಾಕಿ ಬೇರೆಯಾಗಿ ಓಡಿಸಿ. ಕೋಡ್ ಬದಲಿಸುವವರು ಅದೇ ಕಮಿಟ್‌ನಲ್ಲಿ (ಒಮ್ಮೆಗೆ ದಾಖಲಿಸುವ ಬದಲಾವಣೆಯಲ್ಲಿ) ಮೊತ್ತದ ಕಾಲಂ ಅನ್ನೂ ಬದಲಿಸಿದ್ದರೆ ಲೆಕ್ಕ ಗೊತ್ತಿರುವವರು ನೋಡಿ ಒಪ್ಪುವವರೆಗೆ ಅದನ್ನು ಸೇರಿಸಿಕೊಳ್ಳಬೇಡಿ. ಕಾರ್ಯದರ್ಶಿಗೆ ರೆಪೊಸಿಟರಿ ತೆರೆಯಲು ಬರಬೇಕಿಲ್ಲ. ಬದಲಾದ ಸಾಲಿನ ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಅವರ ಉತ್ತರವನ್ನು ಕಮಿಟ್‌ನ ಟಿಪ್ಪಣಿಯಲ್ಲಿ ದಿನಾಂಕದೊಂದಿಗೆ ಬರೆದರೆ ಸಾಕು.